ರಾಮದುರ್ಗದಲ್ಲಿ ಓದಿದ ಪತ್ರ

ಬಟವಾಡೆ ಆಗುವ ತನಕ ಪತ್ರ ಕಳಿಸಿದವನದೇ ಸ್ವತ್ತು. ಟಪಾಲು ಖಾತೆಗೆ ಸೇರಿದ ಹೊಸದರಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು. ವಿಳಾಸದಾರನ ಕೈಗೆ ಮುಟ್ಟಿದ ಮೇಲೆ ಅವನು ಅದನ್ನು ಹರಿಯಲಿ, ಪೆಟ್ಟಿಗೆಯಲ್ಲಿಡಲಿ, ಮತ್ತೊಬ್ಬರಿಗೆ ಓದಿ ಹೇಳಲಿ, ಇಲಾಖೆಗೆ ಸಂಬಂಧವಿಲ್ಲ. ನಮ್ಮ ಸೀಮೆಯ 1858ರ ಬಂಡಾಯ ಮುರಿದುಬಿದ್ದದ್ದು ಈ ಎರಡನೆಯ ಮಾತಿನಲ್ಲಿ ಎಂದು ನನಗನ್ನಿಸುತ್ತದೆ.

ಆ ವರ್ಷದ ಮೇ ತಿಂಗಳ ಕೊನೆಗೆ ರಾಮದುರ್ಗದ ಸಂಸ್ಥಾನಿಕರು ತಮಗೆ ಬಂದ ಪತ್ರವೊಂದನ್ನು ಮನೆಗೆ ಬಂದ ಅತಿಥಿಯ ಮುಂದಿಟ್ಟರು. ಪತ್ರ ನರಗುಂದದ ಭಾಸ್ಕರರಾವ್ ಭಾವೆ ಅವರದು. ಜನ ಅವರನ್ನು ಬಾಬಾಸಾಹೇಬ ಎಂದೇ ಕರೆಯುತ್ತಾರೆ. ತೋರಿಸಿದವರು ಅವರ ಮಲಸಹೋದರ. ಅತಿಥಿ ಚಾರ್ಲ್ಸ್ ಮ್ಯಾನ್ಸನ್, ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನ ಹುದ್ದೆ ನೋಡಿಕೊಳ್ಳುತ್ತಿದ್ದ ಸಾಹೇಬ. ಪತ್ರದಲ್ಲಿದ್ದದ್ದು ಕಂಪನಿ ಸರಕಾರದ ವಿರುದ್ಧದ ಮಾತು. ನರಗುಂದದ ಕಡೆ ಹೋಗಬೇಡಿ, ಜೀವಕ್ಕೆ ಅಪಾಯವಿದೆ ಎಂದು ರಾಮದುರ್ಗದವರು ಎಚ್ಚರಿಸಿದರು. ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಕಥೆ ಮುಗಿಯಿತು. ಆ ರಾತ್ರಿಗೆ ಆಮೇಲೆ ಬರುತ್ತೇನೆ.

ನಾನು ಅಮೀನಗಡದವನು. ನಮ್ಮೂರಿನ ಹೆಸರು ಕೇಳಿದರೆ ಹೊರಗಿನವರಿಗೆ ನೆನಪಾಗುವುದು ಕರದಂಟು, ಅದು ಬಿಟ್ಟರೆ ಕುರಿ ಸಂತೆ. ಕರದಂಟಿನ ಪಾರ್ಸಲ್ಲುಗಳಿಗೆ ಮೊಹರು ಹಾಕಿ ಹಾಕಿ ನನ್ನ ಬೆರಳ ತುದಿಗೆ ಅರಗು ಸುಟ್ಟ ಕಲೆ ಉಳಿದಿದೆ. ಅಂಟು, ಬೆಲ್ಲ, ಉತ್ತತ್ತಿ, ಒಣಕೊಬ್ಬರಿಯ ಆ ಪೊಟ್ಟಣಕ್ಕೆ ಬಿಳಿ ಬಟ್ಟೆ ಸುತ್ತಿ, ದಬ್ಬಣದಿಂದ ಹೊಲಿದು, ಹೊಲಿಗೆಯ ಮೇಲೆ ಅರಗು ಸುರಿದು, ಅದು ಆರುವ ಮೊದಲೇ ಮೊಹರು ಒತ್ತಬೇಕು. ತಡವಾದರೆ ಅಕ್ಷರ ಮೂಡುವುದಿಲ್ಲ, ಬೇಗ ಒತ್ತಿದರೆ ಅರಗು ಮೊಹರಿಗೇ ಅಂಟಿ ಎದ್ದುಬರುತ್ತದೆ. ಈ ಕೆಲಸ ಮಾಡಿದವನಿಗೆ ಯಾರಾದರೂ ನಡುವೆ ಕೈ ಹಾಕಿದ್ದಾರೆಯೇ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಎರಡನೆಯ ಸಲ ಕರಗಿಸಿದ ಅರಗು ಮಸಕಾಗಿರುತ್ತದೆ, ಒಳಗೆ ಸಣ್ಣ ಗುಳ್ಳೆ ನಿಲ್ಲುತ್ತವೆ. ಲಕೋಟೆಯನ್ನು ಉಗಿ ಹಿಡಿದು ಬಿಚ್ಚಿದ್ದರೆ ಅಂಟಿನ ಗೆರೆ ಸುಕ್ಕುಗಟ್ಟಿರುತ್ತದೆ. ಇತಿಹಾಸದ ಪುಸ್ತಕ ಓದುವಾಗಲೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ: ಯಾರು ಬರೆದರು, ಯಾರು ಹೊತ್ತೊಯ್ದರು, ನಡುವೆ ಯಾರು ಬಿಚ್ಚಿ ಓದಿದರು.

ಆ ಕಾಲದ ನಮ್ಮ ಸೀಮೆಯ ನಕಾಶೆ ತೇಪೆ ಹಚ್ಚಿದ ಕೌದಿಯ ಹಾಗಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ಬೆಳಗಾವಿ ಕಲೆಕ್ಟರರ ಕೆಳಗಿದ್ದವು. ಕಲಾದಗಿ ಜಿಲ್ಲೆ ಹುಟ್ಟಿದ್ದು ಆಮೇಲೆ, 1864ರಲ್ಲಿ. ಮುಧೋಳ ಘೋರ್ಪಡೆಯವರದು. ಜಮಖಂಡಿ ಪಟವರ್ಧನರದು. ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನದವು. ಇಳಕಲ್ಲು ದಾಟಿದರೆ ನಿಜಾಮನ ಸೀಮೆ ಅನ್ನುವಂತಿಲ್ಲ, ಯಾಕೆಂದರೆ ರಾಯಚೂರು ದೋಆಬವನ್ನು 1853ರಲ್ಲಿ ಕಂಪನಿ ಸಾಲದ ಲೆಕ್ಕಕ್ಕೆ ಬರೆಸಿಕೊಂಡಿತ್ತು, 1860ರ ತನಕ ಬಿಡಲಿಲ್ಲ. ಕೊಪ್ಪಳ ನಿಜಾಮನ ದಿವಾನ ಸಾಲಾರ್ ಜಂಗರ ಜಹಗೀರು. ಕೃಷ್ಣೆಯ ಆಚೆ ಸುರಪುರದಲ್ಲಿ ಬೇಡರ ನಾಯಕರು. ಒಂದು ಪತ್ರ ನರಗುಂದದಿಂದ ಸುರಪುರಕ್ಕೆ ಹೋಗಬೇಕೆಂದರೆ ಎಷ್ಟು ಗಡಿ, ಎಷ್ಟು ನಾಕಾ, ಎಷ್ಟು ಹೊಳೆ! ಕಂಪನಿಯವರ ಟಪಾಲಿಗೆ ಈ ತಾಪತ್ರಯವಿರಲಿಲ್ಲ. 1854ರ ಕಾಯಿದೆಯಿಂದ ಟಪಾಲು ಒಂದೇ ಇಲಾಖೆಯಾಗಿ ಅರ್ಧ ಆಣೆಯ ತಿಕೀಟು ಬಂದಿತ್ತು, ಮರುವರ್ಷ ತಂತಿಯೂ ಜನಬಳಕೆಗೆ ತೆರೆದಿತ್ತು. ಸಂಸ್ಥಾನಿಕರು ಗುಟ್ಟಿನ ಮಾತನ್ನು ಆ ಚೀಲಕ್ಕೆ ಹಾಕುವಂತಿರಲಿಲ್ಲ. ಅವರಿಗಿದ್ದದ್ದು ಹರಕಾರರ ಕಾಲು, ನಂಬಿಗಸ್ತ ಸವಾರರು, ಯಾತ್ರೆಯ ನೆವದಲ್ಲಿ ಊರೂರು ತಿರುಗುವವರು.

ಗುಪ್ತ ಪತ್ರ ನರಗುಂದದ ಗಡಕ್ಕೆ ಹೊಸದೇನಲ್ಲ. ಟಿಪ್ಪುವಿನ ಕಾಲದಲ್ಲಿ ಇದೇ ಮನೆತನದ ವೆಂಕಟರಾವ್ ಭಾವೆ ಅತ್ತ ಪುಣೆಯ ಪೇಶ್ವೆ ದರಬಾರನ್ನೂ ಇತ್ತ ಮುಂಬಯಿಯ ಇಂಗ್ಲಿಷರನ್ನೂ ಒಳಗಿಂದೊಳಗೆ ಒಲಿಸಿಕೊಳ್ಳಲು ನೋಡಿ, 1785ರಲ್ಲಿ ಗಡ ಕಳೆದುಕೊಂಡು ಸೆರೆ ಹೋದರು. ನಮಗೆ ಇನ್ನೂ ಹತ್ತಿರದ್ದೆಂದರೆ ಬಾದಾಮಿ. 1841ರಲ್ಲಿ ನರಸಿಂಗರಾವ್ ಎಂಬ ಕಣ್ಣು ಕಾಣದ ಬ್ರಾಹ್ಮಣ 125 ಅರಬರನ್ನು ನಿಜಾಮನ ಸೀಮೆಯಿಂದ ಕರೆತಂದು ಬಾದಾಮಿಯ ಕೋಟೆ ಹಿಡಿದ. ಸೈನ್ಯ ಬಂದು ಅವನನ್ನು ಹಿಡಿಯಿತು, ಜನ್ಮಾವಧಿ ಗಡೀಪಾರಾಯಿತು. ಕಣ್ಣಿಲ್ಲದವನು ಗಡಿಯಾಚೆಯ ಅಷ್ಟು ಜನರನ್ನು ಮಾತಿನಿಂದಲೇ ಕೂಡಿಸಿದ್ದು ಹೇಗೆ ಎಂದು ಯೋಚಿಸಿದರೆ ಕೋಟೆ ಹಿಡಿದದ್ದಕ್ಕಿಂತ ಅದೇ ದೊಡ್ಡದೆನಿಸುತ್ತದೆ. ಬಾದಾಮಿಗೆ ಬರುವ ಪ್ರವಾಸಿಗಳಿಗೆ ಗುಹೆ ತೋರಿಸುವವರು ಇವನ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ.

1857ಕ್ಕೆ ಬರೋಣ. ಆ ವರ್ಷದ ನಿಶ್ಶಸ್ತ್ರೀಕರಣದ ಕಾಯಿದೆ ನಮ್ಮ ಭಾಗದಲ್ಲಿ ಮೊದಲು ಸುಟ್ಟದ್ದು ಮುಧೋಳ ಸಂಸ್ಥಾನದ ಹಲಗಲಿಯನ್ನು. ಬೇಟೆಯೇ ಬಾಳಾಗಿದ್ದ ಬೇಡರು ಆಯುಧ ಕೊಡುವುದಿಲ್ಲ ಎಂದರು. ಕಲಾದಗಿಯ ದಂಡಿನಿಂದ ಕರ್ನಲ್ ಮಾಲ್ಕಂನ ಕುದುರೆ ಪಡೆ ನವೆಂಬರ್ ಕೊನೆಯ ರಾತ್ರಿ ಊರನ್ನು ಮುತ್ತಿ ಬೆಂಕಿ ಇಟ್ಟಿತು. ಜಡಗ, ಬಾಲ ಮೊದಲಾದ 19 ಜನರಿಗೆ ಗಲ್ಲು: ಡಿಸೆಂಬರ್ 11ರಂದು ಮುಧೋಳದ ಪೇಟೆಯಲ್ಲಿ 13 ಜನರಿಗೆ, 14ರಂದು ಹಲಗಲಿಯಲ್ಲೇ 6 ಜನರಿಗೆ. ಈ ಕಥೆಯ ಲಾವಣಿ ಅಚ್ಚಾಗಿ ಉಳಿದದ್ದು ಜೆ. ಎಫ್. ಫ್ಲೀಟ್ ಅವರಿಂದ. ನಮ್ಮ ಪಕ್ಕದ ಐಹೊಳೆಯ ಮೇಗುತಿ ಶಾಸನವನ್ನು ಓದಿ ಪ್ರಕಟಿಸಿದ ಅದೇ ಫ್ಲೀಟ್, ಸರಕಾರದ ಅಧಿಕಾರಿ. ಗಲ್ಲಿಗೆ ಹಾಕಿದ ಸರಕಾರದವರೇ ಹಾಡನ್ನೂ ಬರೆದಿಟ್ಟುಕೊಂಡರು. ಅವರ ದಫ್ತರಿನ ಶಿಸ್ತು ಅಂಥದ್ದು.

ಮೂರು ತಿಂಗಳು ಕಳೆಯುವಷ್ಟರಲ್ಲಿ, 1858ರ ಫೆಬ್ರವರಿಯಲ್ಲಿ ಸುರಪುರ. ಅದಾಗಿ ಮೂರು ತಿಂಗಳಿಗೆ ಮುಂಡರಗಿ, ನರಗುಂದ. ಹಲಗಲಿಗೂ ಸುರಪುರಕ್ಕೂ ನರಗುಂದಕ್ಕೂ ಹೋದದ್ದು ಒಬ್ಬನೇ ಮಾಲ್ಕಂ, ಅವನ ಅದೇ ಕುದುರೆಗಳು. ಮೂರೂ ಕಡೆ ಒಂದೇ ವಾರ ಎದ್ದಿದ್ದರೆ ಅವನು ಎಲ್ಲಿಗೆಂದು ಓಡುತ್ತಿದ್ದ? ಒಟ್ಟಿಗೆ ಏಳುವ ಮಾತುಕತೆ ನಡೆದಿತ್ತು. ನಾನಾಸಾಹೇಬನ ಕಡೆಯವರು ದಕ್ಷಿಣದ ಸಂಸ್ಥಾನಗಳಲ್ಲಿ ಓಡಾಡಿದ್ದರು, ಸುರಪುರ, ನರಗುಂದ, ಮುಂಡರಗಿಗಳ ನಡುವೆ ಹೋಗಿಬರುವವರಿದ್ದರು. ಮಾತು ಮುಟ್ಟಿತ್ತು, ಮುಹೂರ್ತ ಕೂಡಲಿಲ್ಲ. ಕೂಡದಂತೆ ಮಾಡಿದವರು ಬೇಹಿನವರು ಎಂಬುದು ನನ್ನ ಎಣಿಕೆ. ಸುಳಿವು ಹೊರಬಿದ್ದ ದಿನವೇ ಏಳಬೇಕು, ಇಲ್ಲವೇ ಸಿಕ್ಕಿಬೀಳಬೇಕು. ಹಾಗಾಗಿ ಒಬ್ಬೊಬ್ಬರೂ ತಾವು ಆರಿಸಿಕೊಳ್ಳದ ತಾರೀಖಿಗೆ ಒಬ್ಬಂಟಿಯಾಗಿ ಎದ್ದರು.

ಸುರಪುರದಲ್ಲಿ ನೋಡಿ. ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗನಿದ್ದಾಗ ಸಂಸ್ಥಾನದ ಕಾರಭಾರ ನೋಡಿಕೊಂಡವನು ಮೆಡೋಸ್ ಟೇಲರ್, ಠಕ್ಕರ ಮೇಲೆ ಕಾದಂಬರಿ ಬರೆದು ಹೆಸರಾದವನು. ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರ ಜನವರಿಯಲ್ಲಿ ಹೈದರಾಬಾದಿನ ರೆಸಿಡೆಂಟ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಸುರಪುರಕ್ಕೆ ಕಳಿಸಿದ. ಹೆಸರಿಗೆ ಬುದ್ಧಿ ಹೇಳಲು, ಕೆಲಸಕ್ಕೆ ಕಣ್ಣಿಡಲು. ರಾಜ ಅರಬರನ್ನೂ ರೋಹಿಲರನ್ನೂ ಸೇರಿಸುತ್ತಿದ್ದಾನೆಂಬ ವರದಿಗಳು ಮೇಲಕ್ಕೆ ಹೋದವು. ರಾಜನಿಗೆ ಕಾಯಲು ಹೊತ್ತೇ ಸಿಗಲಿಲ್ಲ. ಫೆಬ್ರವರಿಯ ಮೊದಲರ್ಧದಲ್ಲೇ ಕಾಳಗ ನಡೆದು, ಕ್ಯಾಪ್ಟನ್ ನ್ಯೂಬೆರಿ ಸತ್ತ, ಮಾಲ್ಕಂ ಬಂದ, ಸುರಪುರ ಬಿತ್ತು. ಹೈದರಾಬಾದಿಗೆ ಹೋದ ರಾಜನನ್ನು ಸಾಲಾರ್ ಜಂಗರು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು.

ಸೆರೆಯಲ್ಲಿದ್ದವನ ಬಳಿಗೆ ಕಳಿಸಿದ್ದು ಯಾರನ್ನು? ಆ ‘ಅಪ್ಪಾ’ನನ್ನೇ. ಜೊತೆಗಿದ್ದವರ, ಎತ್ತಿಕಟ್ಟಿದವರ ಹೆಸರು ಹೇಳಿದರೆ ಶಿಕ್ಷೆ ಹಗುರಾದೀತು ಎಂಬ ಆಸೆ ಮುಂದಿತ್ತು. ಪೊಲೀಸರು ಇಂದಿಗೂ ಹೀಗೆಯೇ ಮನೆಯವರನ್ನು ಮುಂದೆ ಬಿಟ್ಟು ಬಾಯಿ ಬಿಡಿಸುತ್ತಾರೆ. ವೆಂಕಟಪ್ಪ ನಾಯಕ ಒಂದು ಹೆಸರನ್ನೂ ಹೇಳಲಿಲ್ಲ. ನೇಣಿಗಿಂತ ತೋಪಿನ ಬಾಯಿ ಲೇಸು, ಕಾಳಾಪಾನಿಯ ಸೆರೆಯನ್ನು ನಮ್ಮ ಬೇಡರಲ್ಲಿ ಕಡೆಯವನೂ ಒಪ್ಪುವುದಿಲ್ಲ ಎಂಬ ಅರ್ಥದ ಮಾತಾಡಿದನೆಂದು ಟೇಲರನ ಆತ್ಮಕಥೆಯಲ್ಲಿದೆ. ಗಲ್ಲು ಹೋಗಿ ಗಡೀಪಾರಾಯಿತು, ಅದೂ ಇಳಿದು ಚೆಂಗಲ್ಪೇಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಒಯ್ಯುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿ ಕಳಚಿಟ್ಟ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಎಂಬುದು ದಫ್ತರಿನ ಮಾತು. ಸುರಪುರದ ಮಂದಿ ಇದನ್ನು ಪೂರ್ತಿ ಒಪ್ಪಿದ್ದಿಲ್ಲ. 24ನೆಯ ವರ್ಷ ದಾಟುವುದಿಲ್ಲ ಎಂದು ಅವನ ಜಾತಕದಲ್ಲಿತ್ತಂತೆ, ಟೇಲರನಿಗೂ ಅದು ಮೊದಲೇ ಗೊತ್ತಿತ್ತಂತೆ. ಜಾತಕದ ಮಾತು ಹಾಗಿರಲಿ. ಅವನು ಬಾಯಿ ಮುಚ್ಚಿದ್ದರಿಂದ ಎಷ್ಟು ಮನೆಗಳು ಉಳಿದವೋ, ಆ ಮನೆಗಳ ಹೆಸರು ಯಾವ ಕಾಗದದಲ್ಲೂ ಸಿಗುವುದಿಲ್ಲ.

ಮುಂಡರಗಿಯ ಭೀಮರಾಯರದು ಬೇರೆ ಬಗೆ. ನಾಡಗೌಡ ಮನೆತನ, ಕಂಪನಿಯ ಕೆಳಗೆ ತಹಶೀಲದಾರಿಕೆ ಮಾಡಿ ಬಿಟ್ಟವರು, ಸರಕಾರದ ಒಳಗು ಹೊರಗು ಬಲ್ಲವರು. ಹಮ್ಮಿಗಿಯಲ್ಲಿ ಕೆಂಚನಗೌಡರ ಜೊತೆ ಸೇರಿ ಆಯುಧ ಕೂಡಿಸಿಟ್ಟಿದ್ದರು. ಅದರ ವಾಸನೆ ಸರಕಾರಕ್ಕೆ ಹತ್ತಿತು. ಆಯುಧ ಜಪ್ತಿಯಾಗಿ ಕಾವಲು ಬಿತ್ತು. ಇನ್ನು ಕಾಯುವ ಮಾತೇ ಇಲ್ಲ. ಮೇ 24ರಂದು ಭೀಮರಾಯರು ಕಾವಲು ಮುರಿದು ಆಯುಧ ಬಿಡಿಸಿಕೊಂಡರು, ಡಂಬಳದ ಖಜಾನೆ ಲೂಟಿ ಮಾಡಿದರು, 30ರ ಹೊತ್ತಿಗೆ ಕೊಪ್ಪಳದ ಕೋಟೆ ಹಿಡಿದರು. ಜೂನ್ 1ಕ್ಕೆ ಮೇಜರ್ ಹ್ಯೂಸ್ ಬಂದ. ಭೀಮರಾಯರೂ ಕೆಂಚನಗೌಡರೂ ಅಲ್ಲೇ ಮಡಿದರು.

ಈಗ ಸುರೇಬಾನ. ಬಾಬಾಸಾಹೇಬರಿಗೆ ಕಂಪನಿಯ ಮೇಲಿದ್ದ ಸಿಟ್ಟಿಗೆ ಎರಡು ಬೇರು. ಗಂಡು ಮಗು ತೀರಿಕೊಂಡ ಮೇಲೆ ದತ್ತಕಕ್ಕೆ ಕೇಳಿದ ಪರವಾನಗಿ ಸಿಗಲಿಲ್ಲ ಎಂಬುದು ಒಂದು. ಗಡದ ತೋಪು, ಮದ್ದು ಧಾರವಾಡಕ್ಕೆ ಕಳಿಸಿಕೊಡಿ ಎಂಬ ಅಪ್ಪಣೆ ಇನ್ನೊಂದು. ಮೂರು ಸಾವಿರ ಮೀರಿದ ಸಂಸ್ಕೃತ ಗ್ರಂಥಗಳ ಭಂಡಾರ ಇಟ್ಟುಕೊಂಡಿದ್ದ ಮನುಷ್ಯ, ಕತ್ತಿಗಿಂತ ಕಾಗದದ ಸಂಗಡ ಹೆಚ್ಚು ಬಾಳಿದವರು. ಮ್ಯಾನ್ಸನ್ನನಾದರೋ ಇನಾಮು ಕಮಿಷನ್ನಿನಲ್ಲಿ ಕೆಲಸ ಮಾಡಿದವನು. 1852ರಿಂದ ಆ ಕಮಿಷನ್ನಿನವರು ಮನೆ ಮನೆಯ ಹಳೆ ಸನದು ತೆಗೆಸಿ, ಮೊಹರು ಸರಿಯಿಲ್ಲ, ಪುರಾವೆ ಸಾಲದು ಎಂದು ಇನಾಮು ಭೂಮಿ ಕಿತ್ತುಕೊಂಡಿದ್ದರು. ಆ ಕಚೇರಿಯಿಂದ ಬಂದವನೆಂದರೆ ಇನಾಮುದಾರರ ಮೈ ಉರಿಯುತ್ತಿತ್ತು.

ಮ್ಯಾನ್ಸನ್ ರಾಮದುರ್ಗದಿಂದ ಹತ್ತು ಹನ್ನೆರಡು ಸವಾರರೊಡನೆ ಹೊರಟು ಸುರೇಬಾನದಲ್ಲಿ ಬಿಡಾರ ಮಾಡಿದ. ದೂರದಿಂದ ಓಡಿ ಬಂದು ಕುದುರೆಯೂ ಮಂದಿಯೂ ದಣಿದಿದ್ದವು. ಅವನು ಪಾಲಕಿಯಲ್ಲೇ ಮಲಗಿದ. ಅವನು ಎಲ್ಲಿದ್ದಾನೆಂಬ ಸುದ್ದಿ ನರಗುಂದಕ್ಕೆ ಆ ಹೊತ್ತಿಗಾಗಲೇ ಮುಟ್ಟಿತ್ತು. ಈ ಕಥೆ ಹೇಳುವವರೆಲ್ಲ ಅವಸರದಲ್ಲಿ ದಾಟಿಬಿಡುವುದು ಇಲ್ಲೇ. ರಾಮದುರ್ಗದಲ್ಲಿ ಪತ್ರ ಓದಿಸಿಕೊಂಡು ಕಂಪನಿಯವನು ಬಾಬಾಸಾಹೇಬರ ಗುಟ್ಟು ತಿಳಿದ. ಅದೇ ಹೊತ್ತಿಗೆ ಯಾವನೋ ಒಬ್ಬ ಕತ್ತಲಲ್ಲಿ ಹೊಲ ಹಾಯ್ದು ಕಂಪನಿಯವನ ಗುಟ್ಟನ್ನು ನರಗುಂದಕ್ಕೆ ಒಯ್ದ. ಎರಡೂ ಬೇಹು ಫಲಿಸಿದವು. ನಡುರಾತ್ರಿ ಬಾಬಾಸಾಹೇಬರ ಮಂದಿ ಬಿಡಾರ ಮುತ್ತಿದರು. ಮ್ಯಾನ್ಸನ್ ಎದ್ದು ರಿವಾಲ್ವರ್ ಹಾರಿಸಿದ, ಕಡಿದರು. ದೇಹ ಬೆಂಕಿಗೆ ಹೋಯಿತು, ತಲೆ ನರಗುಂದದ ಅಗಸಿಯ ಮೇಲೆ ತೂಗಿತು. ವೀರಗಾಥೆ ಹಾಡುವವರು ಈ ತಲೆಯ ಸಾಲನ್ನು ದನಿ ಏರಿಸಿ ಹೇಳುತ್ತಾರೆ. ನನಗೆ ಅದರಲ್ಲಿ ಉಮೇದಿಲ್ಲ. ನಿದ್ದೆಯಲ್ಲಿದ್ದವನನ್ನು ಮುತ್ತಿದ್ದು ಶೌರ್ಯ ಅನ್ನುವುದಕ್ಕಿಂತ ಒಳ್ಳೆಯ ಬೇಹು ಅನ್ನುವುದು ಸರಿ.

ಆಮೇಲಿನದು ಬೇಗ ಮುಗಿಯಿತು. ಜೂನ್ 1ರಂದು ಮಾಲ್ಕಂ ನರಗುಂದದ ಕೆಳಗೆ ಬಂದ. ಮರುದಿನವೇ ಬಾಬಾಸಾಹೇಬರು ತೊರಗಲ್ಲಿನ ಅಡವಿಯಲ್ಲಿ ಸಿಕ್ಕರು, ಪಂಢರಪುರಕ್ಕೆ ಹೊರಟ ಯಾತ್ರಿಕರ ವೇಷದಲ್ಲಿ. ಹಿಡಿದವನು ಫ್ರಾಂಕ್ ಸೌಟರ್ ಎಂಬ ಪೊಲೀಸ್ ಅಧಿಕಾರಿ. ಮುಂದೆ ಮುಂಬಯಿಯ ಪೊಲೀಸ್ ಕಮಿಷನರನಾಗಿ ದಶಕಗಳ ಕಾಲ ಮೆರೆದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಅವರ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಜೀವ ಬಿಟ್ಟರು. ಆ ಹೊಳೆ ನಮ್ಮ ಐಹೊಳೆಯ ಬದಿಯಲ್ಲೇ ಹಾದು ಕೂಡಲಸಂಗಮಕ್ಕೆ ಹೋಗುತ್ತದೆ.

ಇಷ್ಟನ್ನೂ ನಮ್ಮವರು ನೆನೆಯುವ ಬಗೆ ಒಂದೇ: ಮೂರ್ತಿ, ಮೂರ್ತಿಯ ಕೈಯಲ್ಲಿ ಕತ್ತಿ, ಮುಖದ ಮೇಲೆ ಮೀಸೆ. ಕಿತ್ತೂರಿನಲ್ಲಿ ಅಕ್ಟೋಬರಿನಲ್ಲಿ ಉತ್ಸವ ನಡೆಯುತ್ತದೆ, ನಂದಗಡದಲ್ಲಿ ರಾಯಣ್ಣನ ಸಮಾಧಿಗೆ ಜನ ನಡೆದುಕೊಳ್ಳುತ್ತಾರೆ, ಹರಕೆ ಹೊರುತ್ತಾರೆ. ಒಳ್ಳೆಯದೇ. ಒಂದು ಮಾತು ಮಾತ್ರ ನನಗೆ ಸೋಜಿಗ. ದ್ರೋಹಿಗಳ ಹೆಸರು ನಮಗೆ ಬಾಯಿಪಾಠ. ಕಿತ್ತೂರಿನ ನಾಟಕ ಎಂದರೆ ಮಲ್ಲಪ್ಪಶೆಟ್ಟಿಯ ಪಾತ್ರಕ್ಕೆ ಊರಿನ ಅತಿ ಚುರುಕು ನಾಲಿಗೆಯವನೇ ಬೇಕು. ಅವನು ರಂಗಕ್ಕೆ ಬಂದರೆ ಹೆಂಗಸರು ಕೂತಲ್ಲೇ ಶಾಪ ಹಾಕುತ್ತಾರೆ. ರಾಯಣ್ಣನನ್ನು 1830ರಲ್ಲಿ ಹಿಡಿದುಕೊಟ್ಟವರ ಹೆಸರು, ಊರಿನ ಹೆಸರು ಸಹಿತ ಮಕ್ಕಳಿಗೂ ಗೊತ್ತು. ರಾಯಣ್ಣನಿಗೆ ರಾತ್ರಿ ಸುದ್ದಿ ತಂದವರು, ಅಡವಿಗೆ ಬುತ್ತಿ ಮುಟ್ಟಿಸಿದವರು, ಸುರೇಬಾನದಿಂದ ನರಗುಂದಕ್ಕೆ ಓಡಿದವನು, ಇವರದು ಗೊತ್ತಿಲ್ಲ. ಕೆಲಸ ಕೆಟ್ಟವರ ಗುಟ್ಟು ಸರಕಾರಿ ಕಾಗದದಲ್ಲಿ ದಾಖಲಾಯಿತು, ಬಹುಮಾನದ ಪಟ್ಟಿಯಲ್ಲಿ ದಾಖಲಾಯಿತು. ಕೆಲಸ ಸರಿಯಾಗಿ ಮಾಡಿದ ಹರಕಾರ ದಾಖಲಾಗಲೇಬಾರದು, ದಾಖಲಾದರೆ ಸತ್ತ.

ನಮ್ಮೂರಿನಲ್ಲಿ ಸ್ವಾತಂತ್ರ್ಯ ಹೋರಾಟದ ನೆನಪಿಗೆ ಏನಾದರೂ ಮಾಡೋಣವೆಂದು ನಾಲ್ಕು ಮಂದಿ ಕೂಡಿದಾಗ ನಾನು ಇದೇ ಮಾತು ತೆಗೆದೆ. ಟಪಾಲು ಹೊತ್ತು ಓಡುವವನ ಒಂದು ಮೂರ್ತಿ ಆಗಲಿ, ಒಂದು ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಹೆಗಲಿಗೆ ಚೀಲ. ಕೆಳಗೆ ಕಲ್ಲಿನ ಮೇಲೆ ನರಗುಂದ, ರಾಮದುರ್ಗ, ಮುಂಡರಗಿ, ಕೊಪ್ಪಳ, ಹಲಗಲಿ, ಸುರಪುರಗಳ ನಕಾಶೆ. ಹುಡುಗನೊಬ್ಬ ಎದ್ದು ನಿಂತ.

“ಮಾಸ್ತರ್ರ, ಕತ್ತಿ ಇಲ್ಲದ ಮೂರ್ತಿಗೆ ಯಾರ್ರೀ ಹಾರ ಹಾಕ್ತಾರ?”

“ಬಸವಣ್ಣಗ ಹಾಕೂದಿಲ್ಲೇನಪ್ಪಾ? ಅವನ ಕೈಯಾಗ ಯಾವ ಕತ್ತಿ ಐತಿ?”

ನಕ್ಕರು. ಆದರೂ ಗೆಜ್ಜೆ ಕೋಲು ನಾನು ಹೇಳಿದ್ದೇ ತಪ್ಪೆಂದು ಹಿರಿಯರೊಬ್ಬರು ಹಿಡಿದರು: ಗೆಜ್ಜೆ ಕಟ್ಟಿಕೊಂಡು ಓಡುವವನು ಸರಕಾರಿ ರನ್ನರು, ದಾರಿ ಬಿಡಿ ಎಂದು ಸಾರುತ್ತ ಹೋಗುವವನು, ಗುಟ್ಟಿನ ಪತ್ರದವನು ಸದ್ದು ಮಾಡ್ಯಾನೇ? ಮಾತು ಸರಿ ಇತ್ತು. ಹಾಗಾದರೆ ಮೂರ್ತಿಗೆ ಯಾವ ವೇಷ ಎಂಬಲ್ಲಿಗೆ ಚರ್ಚೆ ನಿಂತಿತು. ಕುರಿ ಕಾಯುವವನದೆಂದು ಒಬ್ಬರು, ಬಳೆಗಾರನದೆಂದು ಒಬ್ಬರು, ಜಂಗಮನದೆಂದು ಇನ್ನೊಬ್ಬರು. ನನ್ನ ಮತ ಕುರಿಯವನಿಗೆ. ಶನಿವಾರದ ಸಂತೆಯಲ್ಲಿ ನಿಂತು ನೋಡಿ: ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಒತ್ತಿ ದರ ಕುದುರಿಸುತ್ತಾರೆ, ಪಕ್ಕದಲ್ಲಿ ನಿಂತವನಿಗೆ ಒಂದು ಅಕ್ಷರವೂ ತಿಳಿಯುವುದಿಲ್ಲ. ಕುರಿ ಹಿಂಡಿನವನು ಯಾವ ಗಡಿ ದಾಟಿದರೂ ಯಾಕೆ ಬಂದೆ ಎಂದು ಕೇಳುವವರಿಲ್ಲ.

ಆ ಸಭೆಯಲ್ಲಿ ಇನ್ನೊಂದು ಪ್ರಶ್ನೆಯೂ ಬಂತು: ರಾಮದುರ್ಗದವರನ್ನು ದ್ರೋಹಿ ಎಂದು ಬರೆಸುವುದೋ ಬೇಡವೋ. ಬೇಡ ಎಂದೆ. ಅವರು ಬಾಬಾಸಾಹೇಬರನ್ನು ಹಿಡಿದುಕೊಡಲಿಲ್ಲ, ಮನೆಗೆ ಬಂದವನು ಸಾಯದಿರಲಿ ಎಂದು ತಡೆದರು; ತಡೆಯಲು ಪತ್ರ ತೋರಿಸಿದರು. ಅದರಲ್ಲಿ ತಮ್ಮ ಗಾದಿ ಉಳಿಸಿಕೊಳ್ಳುವ ಲೆಕ್ಕವೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಬಾಸಾಹೇಬರು ರಕ್ತಸಂಬಂಧ ನಂಬಿ ಬಾಯಿಮಾತಿನಲ್ಲಿ ಹೇಳಿ ಕಳಿಸಬೇಕಾದದ್ದನ್ನು ಬರೆದು ಕಳಿಸಿದರು. ಅಷ್ಟೊಂದು ಗ್ರಂಥಗಳ ನಡುವೆ ಬಾಳಿದವರಿಗೆ ಬರೆದದ್ದರ ಮೇಲೆ ವಿಶ್ವಾಸ ಹೆಚ್ಚಿರಬೇಕು.

ನರಗುಂದ ಸಂಸ್ಥಾನವನ್ನು ಕಂಪನಿ ನುಂಗಿತು, ಗಡ ಹಾಳಾಯಿತು, ಗ್ರಂಥ ಭಂಡಾರ ಚೆದುರಿಹೋಯಿತು. ರಾಮದುರ್ಗದ ಗಾದಿ ಇನ್ನೂ 90 ವರ್ಷ ನಡೆಯಿತು. 1939ರ ಏಪ್ರಿಲ್‌ನಲ್ಲಿ ಅದೇ ರಾಮದುರ್ಗದ ರೈತರು ಸಂಸ್ಥಾನದ ಜೈಲಿಗೆ ನುಗ್ಗಿ ತಮ್ಮ ಮುಂದಾಳುಗಳನ್ನು ಬಿಡಿಸಲು ಹೋದರು, ಗುಂಡು ಹಾರಿತು, ಪೊಲೀಸರೂ ಸತ್ತರು, ಆಮೇಲೆ ಗಲ್ಲೂ ಆಯಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು.